ದಣ್ಣಾಯಕ: ಒಂದು ಬಿರುದು, ಒಂದು ಮನೆತನದ ಹೆಸರು

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸ)



ಬಸದಿಯ ಪ್ರತಿಷ್ಠೆಯೆಂದರೆ ಹೆಸರಿಗೂ ವಸ್ತುವಿಗೂ ಸಂಬಂಧ ಕಲ್ಪಿಸುವ ಕಾರ್ಯ. ನಿನ್ನೆಯವರೆಗೆ ಶಿಲ್ಪಿಯ ಉಳಿಯ ಕೆಳಗಿದ್ದ ಶಿಲೆಯು ಪಂಚಕಲ್ಯಾಣದ ವಿಧಿಗಳು ಮುಗಿದೊಡನೆ ಜಿನಬಿಂಬವಾಗುತ್ತದೆ. ಶ್ರಾವಕರು ಅದನ್ನು ತೀರ್ಥಂಕರರ ಹೆಸರಿನಿಂದ ಕರೆದು ಕೈಮುಗಿಯುತ್ತಾರೆ. ಹೆಸರು ಯಾವಾಗ ಬರಿಯ ಹೆಸರು, ಯಾವಾಗ ಅದಕ್ಕಿಂತ ಹೆಚ್ಚಿನದು ಎಂಬ ಪ್ರಶ್ನೆಯನ್ನು ಜೈನಾಚಾರ್ಯರು ಬಹು ಹಿಂದೆಯೇ ಕೈಗೆತ್ತಿಕೊಂಡಿದ್ದರು. ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದಲ್ಲಿಯೇ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳು ಬರುತ್ತವೆ. ಗುಣವನ್ನು ನೋಡದೆ ವ್ಯವಹಾರಕ್ಕಾಗಿ ಇಟ್ಟ ಹೆಸರು ನಾಮ. ಬಿಂಬದಲ್ಲಿಯೋ ಚಿತ್ರದಲ್ಲಿಯೋ 'ಇದು ಅದೇ' ಎಂದು ಭಾವಿಸುವುದು ಸ್ಥಾಪನೆ. ಹಿಂದೆ ಆಗಿದ್ದುದನ್ನು ಅಥವಾ ಮುಂದೆ ಆಗಲಿರುವುದನ್ನು ಹಿಡಿದು ಕರೆಯುವುದು ದ್ರವ್ಯ. ಈಗ ಪ್ರತ್ಯಕ್ಷವಾಗಿ ಆ ಪರ್ಯಾಯದಲ್ಲಿಯೇ ಇರುವುದು ಭಾವ. ರಾಜನೆಂದು ಹೆಸರಿಟ್ಟ ಬಡವನ ಮಗನೂ, ಚಿತ್ರದಲ್ಲಿ ಬರೆದ ರಾಜನೂ, ರಾಜ್ಯವನ್ನು ಬಿಟ್ಟ ರಾಜನೂ, ಸಿಂಹಾಸನದ ಮೇಲೆ ಕುಳಿತು ಪ್ರಜೆಗಳನ್ನು ಕಾಯುತ್ತಿರುವ ರಾಜನೂ 'ರಾಜ'ರೇ ಆದರೂ ನಾಲ್ವರೂ ಒಂದೇ ಅಲ್ಲ.

ಈ ನಾಲ್ಕು ದೀಪಗಳ ಬೆಳಕಿನಲ್ಲಿ ಇಂದು ಒಂದು ಪದವನ್ನು ಪರಿಶೀಲಿಸುವುದು ಉಚಿತವಾದೀತು. ಆ ಪದ 'ದಣ್ಣಾಯಕ'. ದಣಾಯಕ, ಡಣಾಯಕ ಎಂಬ ರೂಪಗಳೂ ಇದಕ್ಕುಂಟು. ಇಂದಿನ ಮಾತುಕತೆಯಲ್ಲಿ ಈ ಪದದ ಬಳಕೆ ಇಲ್ಲ. ಆದರೆ ಕೆಲವು ಕುಟುಂಬಗಳ ಅಡ್ಡಹೆಸರಾಗಿ, ಕೆಲವು ಸ್ಥಳಗಳ ಹೆಸರಾಗಿ ಅದು ಉಳಿದಿದೆ. ತುಂಗಭದ್ರಾ ಜಲಾಶಯದ ಈ ಸೀಮೆಯಲ್ಲಿಯಂತೂ ಅದನ್ನು ಎರಡು ಕಡೆ ಕಾಣಬಹುದು. ಮರಿಯಮ್ಮನಹಳ್ಳಿಯ ಸೀಮೆಯಲ್ಲಿ ಡಣಾಯಕನಕೆರೆ ಎಂಬ ಊರಿದೆ. ಹಂಪೆಯ ಅರಮನೆಗಳ ನಡುವೆ ಎತ್ತರದ ಗೋಡೆಗಳಿಂದ ಸುತ್ತುವರಿದ ಒಂದು ಭಾಗಕ್ಕೆ ದಣ್ಣಾಯಕನ ಆವರಣವೆಂದು ಹೆಸರು.

ಪದದ ಮೂಲ ಸಂಸ್ಕೃತದ 'ದಂಡನಾಯಕ'. ಅದು ದಣ್ಣಾಯಕವಾದ ಬಗೆ ಪ್ರಾಕೃತದ ಪರಿಚಯವಿರುವವರಿಗೆ ಕಷ್ಟವೆನಿಸಲಾರದು. ಪ್ರಾಕೃತದಲ್ಲಿ ನಕಾರವು ಣಕಾರವಾಗುವುದು ಸಾಮಾನ್ಯ. ಪ್ರತಿದಿನ ಪ್ರಾತಃಕಾಲದಲ್ಲಿ ಪಂಚಪರಮೇಷ್ಠಿಗಳನ್ನು ಸ್ಮರಿಸುವ ಮಂತ್ರದಲ್ಲಿ ಸಂಸ್ಕೃತದ 'ನಮೋ' ಎಂಬುದು 'ಣಮೋ' ಎಂದಾಗಿರುವುದನ್ನು ಜೈನರ ಮನೆಯ ಮಗುವೂ ಬಲ್ಲದು. ಅದೇ ರೀತಿಯಲ್ಲಿ ದಂಡನಾಯಕವು ದಂಡಣಾಯಕವಾಗಿ, ನಡುವಿನ ಡಕಾರವು ಪಕ್ಕದ ಣಕಾರದಲ್ಲಿ ಲೀನವಾಗಿ, ದಣ್ಣಾಯಕವಾಯಿತು. ಒತ್ತು ಸಡಿಲವಾದಾಗ ದಣಾಯಕವೂ, ಣಕಾರದ ಸಹವಾಸದಿಂದ ಮೊದಲ ಅಕ್ಷರವೇ ಬದಲಾದಾಗ ಡಣಾಯಕವೂ ಹುಟ್ಟಿದವು. ಇಂತಹ ಮಾರ್ಪಾಡುಗಳಿಗಾಗಿ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣದ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಆದುದರಿಂದ ದಣ್ಣಾಯಕ ಎಂಬುದು ಅಪಭ್ರಷ್ಟವಾದ, ತಿದ್ದಬೇಕಾದ ರೂಪವಲ್ಲ. ಭಾಷೆಯ ನಿಯಮಕ್ಕೆ ಒಳಪಟ್ಟು ಬೆಳೆದ ರೂಪ. ರೋಮನ್ ಲಿಪಿಯಲ್ಲಿ ಬರೆದಾಗ ದಕಾರ-ಧಕಾರಗಳ, ನಕಾರ-ಣಕಾರಗಳ ಭೇದ ಅಳಿಸಿಹೋಗುವುದರಿಂದ ಈ ಹೆಸರಿಗೂ ಧನಕ್ಕೂ ನಂಟು ಕಲ್ಪಿಸಲು ಅವಕಾಶವಾಗುತ್ತದೆ. ಆದರೆ ಧನಕ್ಕೂ ಈ ಹೆಸರಿಗೂ ಯಾವ ಸಂಬಂಧವೂ ಇಲ್ಲ.

ಇನ್ನು ಅರ್ಥ. 'ನಾಯಕ' ಎಂದರೆ ಮುನ್ನಡೆಸುವವನು. 'ದಂಡ' ಎಂಬ ಪದ ಮಾತ್ರ ಹಲವು ಅರ್ಥಗಳ ಗಣಿ. ದಂಡವೆಂದರೆ ಕೋಲು. ಕೋಲನ್ನು ಹಿಡಿದವನು ಶಿಕ್ಷಿಸಬಲ್ಲನಾದ್ದರಿಂದ ಶಿಕ್ಷೆಗೂ ದಂಡವೆಂದು ಹೆಸರು. ಶಿಕ್ಷೆಯಾಗಿ ತೆರುವ ಹಣಕ್ಕೂ ಅದೇ ಹೆಸರು. ರಾಜನೀತಿಯಲ್ಲಿ ಸಾಮ, ದಾನ, ಭೇದಗಳ ನಂತರದ ನಾಲ್ಕನೆಯ ಉಪಾಯ ದಂಡ. ರಾಜ್ಯದ ಏಳು ಅಂಗಗಳಲ್ಲಿ ಸೈನ್ಯಕ್ಕೂ ದಂಡವೆಂದೇ ಹೆಸರು. ಕನ್ನಡದ 'ದಂಡು', 'ದಂಡೆತ್ತಿ ಹೋಗು' ಎಂಬ ಮಾತುಗಳು ಈ ಕೊನೆಯ ಅರ್ಥದವು. ಶ್ರಮವೆಲ್ಲ ದಂಡವಾಯಿತು ಎನ್ನುವಾಗ ವ್ಯರ್ಥವೆಂಬ ಇನ್ನೊಂದು ಅರ್ಥ ಹೊಳೆಯುತ್ತದೆ.

ದಂಡನಾಯಕನೆಂಬ ಪದವಿಯೂ ಬಹು ಪ್ರಾಚೀನವಾದುದು. ಸಮುದ್ರಗುಪ್ತನ ಪ್ರಶಸ್ತಿಯನ್ನು ರಚಿಸಿದ ಹರಿಷೇಣನು ಮಹಾದಂಡನಾಯಕನೆನಿಸಿಕೊಂಡಿದ್ದನು. ಅಲ್ಲಿ ದಂಡವೆಂದರೆ ನ್ಯಾಯವೋ ಸೈನ್ಯವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯುಂಟು. ಕರ್ನಾಟಕದ ಶಾಸನಗಳಲ್ಲಿ ಮಾತ್ರ ದಂಡನಾಯಕನು ಮೊದಲಿಗೆ ಸೇನಾನಿ. ಜೊತೆಗೆ ನಾಡನ್ನು ಆಳುವವನು, ಸುಂಕ-ತೆರಿಗೆಗಳ ಮೇಲ್ವಿಚಾರಕ, ದತ್ತಿಗಳ ರಕ್ಷಕ. ದಂಡನಾಥ, ದಂಡಾಧಿಪ, ದಂಡೇಶ ಎಂಬುವು ಅವನಿಗೇ ಸಲ್ಲುವ ಬೇರೆ ಹೆಸರುಗಳು. ವಿಜಯನಗರದ ಕಾಲಕ್ಕೆ ಪದದ ಅರ್ಥ ಇನ್ನೂ ವಿಸ್ತಾರವಾಯಿತು. 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅರಸನ ಪ್ರಧಾನಮಂತ್ರಿಯನ್ನು ಈ ಪದದಿಂದಲೇ ಗುರುತಿಸುತ್ತಾನೆ. ಪರದೇಶದ ಕಿವಿಗೂ ಬಿದ್ದದ್ದು ಪಂಡಿತರ ದಂಡನಾಯಕನಲ್ಲ, ಜನರ ಬಾಯಿಯ ದಣ್ಣಾಯಕನೇ.

ಈ ಹೆಸರು ಯಾವ ಜಾತಿಯದು, ಯಾವ ಮತದ್ದು ಎಂದು ಕೇಳುವವರುಂಟು. ಅದು ಯಾವುದೊಂದು ಜಾತಿಯದೂ ಅಲ್ಲ, ಮತದ್ದೂ ಅಲ್ಲ, ಹೊಣೆಯ ಹೆಸರು. ಹಳೆಬೀಡಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ದಂಡನಾಯಕ ಬೊಪ್ಪ. ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿದವನು ಸೋಮನಾಥ ದಂಡನಾಯಕ. ಶಿವತತ್ತ್ವಚಿಂತಾಮಣಿಯನ್ನು ಬರೆದ ಲಕ್ಕಣ್ಣ ದಂಡೇಶನು ವೀರಶೈವ. ಒಂದೇ ಪದವಿ, ಮೂರು ಧರ್ಮಗಳ ಮನೆಗಳಲ್ಲಿ ದೀಪ ಹಚ್ಚಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಬುಕ್ಕರಾಯನು ಇಬ್ಬರ ಕೈಯನ್ನೂ ಕೂಡಿಸಿದ ನಾಡು ಇದು. ಈ ಹೆಸರನ್ನು ಹೊತ್ತ ಎರಡು ಮನೆತನಗಳು ಭಿನ್ನ ಧರ್ಮಗಳಿಗೆ ಸೇರಿದ್ದರೆ ಅದರಲ್ಲಿ ಸೋಜಿಗವಿಲ್ಲ.

ಆದರೂ ಜೈನ ಶ್ರಾವಕನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವನು ದಂಡಿನ ನಾಯಕನಾಗುವುದೆಂತು? ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುವುದು ಜಿನಾಗಮದಲ್ಲಿ 'ದಂಡ' ಎಂಬ ಪದಕ್ಕಿರುವ ವಿಶೇಷಾರ್ಥದಿಂದ. ಮನಸ್ಸು, ಮಾತು, ಕಾಯಗಳಿಂದ ಜೀವಕ್ಕಾಗುವ ಪೀಡೆಯೇ ಅಲ್ಲಿ ದಂಡ. ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದು. ಪ್ರಯೋಜನವಿಲ್ಲದ ಪೀಡೆಯಿಂದ ಹಿಂದೆ ಸರಿಯುವುದು ಎಂದು ಅದರ ಅರ್ಥ. ಪಾಪೋಪದೇಶ, ಹಿಂಸೆಯ ಸಾಧನಗಳನ್ನು ಕೊಡುವುದು, ಪರರ ಕೇಡನ್ನು ಚಿಂತಿಸುವುದು, ದುಃಶ್ರುತಿ, ಪ್ರಮಾದದ ನಡತೆ ಎಂದು ಅದಕ್ಕೆ ಐದು ಮುಖಗಳನ್ನು ಆಚಾರ್ಯರು ಹೇಳಿದ್ದಾರೆ. ಹಾಗಾದರೆ ದಂಡವನ್ನು ಬಿಡಬೇಕಾದವನೇ ದಂಡವನ್ನು ಹಿಡಿದಂತಾಗಲಿಲ್ಲವೇ?

ಆಚಾರ್ಯರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಹಿಂಸೆಯು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆ. ಕೊಲ್ಲಬೇಕೆಂಬ ಇಚ್ಛೆಯಿಂದಲೇ ಮಾಡುವ ಸಂಕಲ್ಪಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕು. ಅಡಿಗೆ, ಬೇಸಾಯ, ವೃತ್ತಿಗಳಲ್ಲಿ ತಪ್ಪದೆ ಆಗುವುದನ್ನೂ, ನಾಡನ್ನೂ ಧರ್ಮವನ್ನೂ ಕಾಯುವಾಗ ಒದಗುವ ವಿರೋಧಿ ಹಿಂಸೆಯನ್ನೂ ಮಿತಿಗೆ ತರಬೇಕು. ಅದಕ್ಕಾಗಿ ಪ್ರತಿಕ್ರಮಣ ಮಾಡಬೇಕು. ಮಿತಿ ಎಂಬ ಮಾತನ್ನು ಮರೆಯಬಾರದು. ಈ ವಿಭಾಗವು ಯುದ್ಧವನ್ನು ಪುಣ್ಯವೆಂದು ಸಾರುವುದಿಲ್ಲ. ಗೃಹಸ್ಥನ ಹೊಣೆಯ ಭಾರವನ್ನು ಮುಚ್ಚಿಡದೆ ಹೇಳುತ್ತದೆ. ಜೈನ ದಂಡನಾಯಕರ ಬಾಳಿನಲ್ಲಿ ಆ ಭಾರದ ಅರಿವು ಕಾಣುತ್ತದೆಯೇ ಎಂಬುದನ್ನು ಅವರು ಗೆದ್ದ ಯುದ್ಧಗಳಿಂದ ಅಳೆಯಲಾಗದು. ಗೆದ್ದ ಮೇಲೆ ಅವರು ಏನು ಬೇಡಿದರು ಎಂಬುದರಿಂದ ಅಳೆಯಬೇಕು.

ಚಾವುಂಡರಾಯನು ಗಂಗರ ಸೇನಾನಿ. ಅವನ ಕಾಳಗಗಳ ಹೆಸರುಗಳನ್ನು ಇಂದು ಇತಿಹಾಸಕಾರರಷ್ಟೇ ಬಲ್ಲರು. ಅವನು ನಿಲ್ಲಿಸಿದ ಗೊಮ್ಮಟನನ್ನು ಜಗತ್ತೇ ಬಲ್ಲದು. ಅವನು 978ರಲ್ಲಿ ಬರೆದ ಪುರಾಣವು ಕನ್ನಡ ಗದ್ಯದ ಹಿರಿಯ ಕೃತಿಗಳಲ್ಲಿ ಒಂದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ವೃತ್ತಾಂತವಂತೂ ಮನನಯೋಗ್ಯವಾದುದು. ಶ್ರವಣಬೆಳಗೊಳದ ಶಾಸನ ಬಸದಿಯ ಲೇಖದಲ್ಲಿ ಅದು ದಾಖಲಾಗಿದೆ. ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ಅವನು ರಾತ್ರಿ ಎರಗಿ ಜಯಿಸಿದನು. ಅರಸನು ಮೆಚ್ಚಿ ಬೇಕಾದುದನ್ನು ಬೇಡೆಂದನು. ಏನನ್ನಾದರೂ ಬೇಡಬಹುದಾಗಿದ್ದ ಗಂಗರಾಜನು ಪರಮ ಎಂಬ ಒಂದು ಗ್ರಾಮವನ್ನು ಬೇಡಿದನು. ತನ್ನ ತಾಯಿಯೂ ಮಡದಿಯೂ ಕಟ್ಟಿಸಿದ ಜಿನಾಲಯಗಳ ಪೂಜೆಗೆ 1118ರಲ್ಲಿ ಅದನ್ನು ದತ್ತಿಯಾಗಿ ಬಿಟ್ಟನು. ಅವನ ಮಡದಿ ಲಕ್ಷ್ಮೀಮತಿಯನ್ನು ಶಾಸನಗಳು 'ದಂಡನಾಯಕಿತಿ' ಎಂದು ಕರೆಯುತ್ತವೆ. ಈ 'ಇತಿ' ಪ್ರತ್ಯಯವನ್ನು ಸಭಿಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಹಂಪೆಯಲ್ಲಿ ಅದು ಮತ್ತೆ ಎದುರಾಗಲಿದೆ.

ಹಂಪೆಯ ಅವಶೇಷಗಳಲ್ಲಿ ಕಮಲಾಪುರದಿಂದ ಕಂಪ್ಲಿಯ ಕಡೆಗೆ ಸಾಗುವ ದಾರಿಯ ಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರದ ಒಂದು ಬಸದಿ ನಿಂತಿದೆ. ಮುಂದೆ ಒಂದೇ ಕಲ್ಲಿನ ಎತ್ತರವಾದ ದೀಪಸ್ತಂಭ. ಅದರ ಮೇಲೆ 28 ಸಂಸ್ಕೃತ ಶ್ಲೋಕಗಳ ಶಾಸನ. ಕರ್ಣಾಟ ದೇಶದ ಕುಂತಳ ವಿಷಯದಲ್ಲಿರುವ ವಿಜಯನಗರದಲ್ಲಿ, ಇಮ್ಮಡಿ ಹರಿಹರನ ದಂಡನಾಯಕ ಬೈಚನ ಮಗನೂ ಸಿಂಹನಂದಿ ಮುನಿಗಳ ಶಿಷ್ಯನೂ ಆದ ಇರುಗಪ್ಪ ದಂಡನಾಯಕನು ಕುಂಥು ಜಿನನಾಥನಿಗೆ ಈ ಚೈತ್ಯಾಲಯವನ್ನು ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಕಾಲ ಶಕ 1307, ಎಂದರೆ ಕ್ರಿ.ಶ. 1385-86. ಕಾಂಚಿಯ ಬಳಿಯ ತಿರುಪ್ಪರುತ್ತಿಕುಂಡ್ರದ ಜಿನಾಲಯಕ್ಕೆ ಗ್ರಾಮದತ್ತಿಯನ್ನು ಬಿಟ್ಟು, ಅಲ್ಲಿ ಮಂಟಪವನ್ನು ಕಟ್ಟಿಸಿದವನೂ ಈತನೇ.

ಬಿರುದು ಮನೆತನದ ಹೆಸರಾಗುವ ಬಗೆಯನ್ನು ಈ ವಂಶದಲ್ಲಿಯೇ ನೋಡಬಹುದು. ತಂದೆ ಬೈಚನು ದಂಡನಾಯಕ. ಮಗ ಇರುಗಪ್ಪನು ದಂಡನಾಯಕ. ಇರುಗಪ್ಪನ ಸೋದರ ಮಂಗಪನಿಗೆ ಬೈಚಪ, ಇರುಗಪ ಎಂದೇ ಹೆಸರಾದ ಇಬ್ಬರು ಮಕ್ಕಳು. ಈ ಕಿರಿಯ ಇರುಗಪನೂ ದಂಡನಾಯಕನೇ. 1422ರಲ್ಲಿ ಗೊಮ್ಮಟೇಶ್ವರನ ಪೂಜೆಗಾಗಿ ಬೆಳುಗುಳ ಗ್ರಾಮವನ್ನು ಬಿಟ್ಟವನು ಅವನು. ಅಜ್ಜನ ಹೆಸರು ಮೊಮ್ಮಗನಿಗೆ ಬಂದಂತೆ ಪದವಿಯೂ ಬರುತ್ತದೆ. ಎರಡು ಮೂರು ತಲೆಮಾರು ಕಳೆದ ಮೇಲೆ ಪದವಿ ಹೋದರೂ ಹೆಸರು ಹೋಗುವುದಿಲ್ಲ. ಪೆರ್ಗಡೆಯು ಹೆಗ್ಗಡೆಯಾದುದು, ಶ್ರೇಷ್ಠಿಯು ಶೆಟ್ಟಿಯಾದುದು, ಭಂಡಾರದ ಅಧಿಕಾರಿಯು ಭಂಡಾರಿಯಾದುದು, ಉಪಾಧ್ಯಾಯನು ಬೆಳಗಾವಿ ಸೀಮೆಯಲ್ಲಿ ಉಪಾಧ್ಯೆಯಾದುದು ಈ ದಾರಿಯಲ್ಲಿಯೇ. ಅಭಿಷೇಕ ಮಾಡುವ ಪುರೋಹಿತನು ತುಳುನಾಡಿನಲ್ಲಿ ಇಂದ್ರನೆನಿಸಿದುದು ಇನ್ನೂ ಅರ್ಥಪೂರ್ಣ. ಜನ್ಮಾಭಿಷೇಕವನ್ನು ಮಾಡಿದವನು ಇಂದ್ರನಷ್ಟೆ.

ಇರುಗಪ ದಂಡಾಧಿನಾಥನ ಹೆಸರಿನಲ್ಲಿ 'ನಾನಾರ್ಥರತ್ನಮಾಲಾ' ಎಂಬ ಸಂಸ್ಕೃತ ಕೋಶವೊಂದಿದೆ. ಒಂದೇ ಪದಕ್ಕಿರುವ ಹಲವು ಅರ್ಥಗಳನ್ನು ಸಂಗ್ರಹಿಸಿದ ನಿಘಂಟು ಅದು. ಖಡ್ಗವನ್ನು ಹಿಡಿದ ಕೈ ಪದಗಳ ಅರ್ಥವನ್ನು ತೂಗುತ್ತಾ ಕುಳಿತಿತ್ತೆಂಬುದು ಎಷ್ಟು ಚೆಂದದ ಸಂಗತಿ! ದಂಡ ಎಂಬ ಪದ ಕೋಲೂ ಆಗಬಹುದು, ಸೈನ್ಯವೂ ಆಗಬಹುದು, ಪಾಪವೂ ಆಗಬಹುದು ಎಂಬುದನ್ನು ದಂಡನಾಯಕನಿಗಿಂತ ಚೆನ್ನಾಗಿ ಅರಿಯಬೇಕಾದವರು ಯಾರು?

ಇಷ್ಟಾಗಿಯೂ ಹಂಪೆಯಲ್ಲಿ ಇರುಗಪ್ಪನ ಬಸದಿ ಎಲ್ಲಿ ಎಂದು ಕೇಳಿದರೆ ದಾರಿ ತೋರಿಸುವವರು ವಿರಳ. ಜನರು ಅದನ್ನು ಕರೆಯುವುದು ಗಾಣಿಗಿತ್ತಿ ಬಸದಿಯೆಂದು. ಗಾಣದಿಂದ ಎಣ್ಣೆ ತೆಗೆಯುವವನು ಗಾಣಿಗ. ಆ ಕುಲದ ಹೆಂಗಸು ಗಾಣಿಗಿತ್ತಿ. ದಂಡನಾಯಕಿತಿಯಲ್ಲಿದ್ದ ಪ್ರತ್ಯಯವೇ ಇಲ್ಲಿಯೂ ಇದೆ. ದಂಡನಾಯಕನ ಮಡದಿಗೂ ಗಾಣದ ಹೆಂಗಸಿಗೂ ಕನ್ನಡ ವ್ಯಾಕರಣವು ಒಂದೇ ಗೌರವವನ್ನು ಕೊಟ್ಟಿದೆ. 28 ಶ್ಲೋಕಗಳಲ್ಲಿ ಎಲ್ಲಿಯೂ ಅವಳ ಪ್ರಸ್ತಾಪವಿಲ್ಲ. ದಂಡನಾಯಕನ ಹೆಸರು ಕಲ್ಲಿನಲ್ಲಿ ಉಳಿಯಿತು. ಅವಳ ಹೆಸರು ಬಾಯಿಂದ ಬಾಯಿಗೆ ಸಾಗಿ ಬಂದಿತು. ಶಾಸನವನ್ನು ಹೊತ್ತ ಆ ಕಂಬವೇ ದೀಪಸ್ತಂಭ. ಕಂಬವನ್ನು ಒಂದು ಸಲ ನಿಲ್ಲಿಸಿದರೆ ಸಾಕು. ದೀಪಕ್ಕೆ ದಿನವೂ ಎಣ್ಣೆ ಬೇಕು. ಎಣ್ಣೆಯನ್ನು ಎರೆಯುವ ಕೈಗಳಿಲ್ಲದೆ ಹೋದಾಗ ಶಾಸನವಿದ್ದರೂ ದೀಪವಿಲ್ಲ. ಇಂದು ಆ ಬಸದಿಯ ಗರ್ಭಗೃಹದಲ್ಲಿ ಬಿಂಬವಿಲ್ಲ, ಅಭಿಷೇಕವಿಲ್ಲ. ಅಲ್ಲಿಗೆ ಹೋದ ಶ್ರಾವಕರು ಬರಿದಾದ ಪೀಠವನ್ನು ಕಂಡು ಕ್ಷಣಕಾಲ ಮೌನವಾಗಿ ನಿಂತು ಹಿಂದಿರುಗುತ್ತಾರೆ.

ಹೆಸರುಗಳು ಉಳಿಯುವ ಬಗೆ ವಿಚಿತ್ರವಾದುದು. ಹೊಯ್ಸಳರ ಕಾಲದ ದಣ್ಣಾಯಕರಿಂದ ಹೆಸರು ಪಡೆದ ಕೋಟೆಯೊಂದು ತಮಿಳುನಾಡಿನ ಸತ್ಯಮಂಗಲದ ಸೀಮೆಯಲ್ಲಿ, ಡಣಾಯಕನಕೋಟೆಯೆಂದು ಪ್ರಸಿದ್ಧವಾಗಿತ್ತು. 1955ರಲ್ಲಿ ಪೂರ್ಣಗೊಂಡ ಭವಾನಿಸಾಗರ ಅಣೆಕಟ್ಟಿನ ನೀರಿನಲ್ಲಿ ಅದು ಮುಳುಗಿತು. ನೀರು ಇಳಿದ ವರ್ಷ ಅಲ್ಲಿಯ ಗುಡಿ ತಲೆಯೆತ್ತುತ್ತದೆ. ತುಂಗಭದ್ರೆಯ ದಡದವರಿಗೆ ಈ ಅನುಭವ ಹೊಸತಲ್ಲ. 1945ರ ಫೆಬ್ರವರಿ 28ರಂದು ಇಲ್ಲಿಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. 1953ರಲ್ಲಿ ನೀರು ನಿಂತಿತು. ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಯ ಜನರು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಹೊಲವನ್ನು ಹೊತ್ತು ತರಲಾಗಲಿಲ್ಲ, ಮನೆಯನ್ನು ಹೊತ್ತು ತರಲಾಗಲಿಲ್ಲ. ದೇವರನ್ನೂ ಹೆಸರನ್ನೂ ಹೊತ್ತು ತಂದರು. ಮದರಾಸು, ಹೈದರಾಬಾದು ಸರ್ಕಾರಗಳು ಕೂಡಿ ಕೈಗೊಂಡ ಆ ಕಾಮಗಾರಿಗಾಗಿ ಟಿ.ಬಿ. ಡ್ಯಾಂಗೆ ಬಂದು ನಿಂತ ಕುಟುಂಬಗಳೂ ತಮ್ಮ ತಮ್ಮ ಸೀಮೆಯ ಹೆಸರುಗಳನ್ನು ತಂದವು. ಒಬ್ಬರಿಗೆ ಊರಿನ ಹೆಸರಿನ ಮೊದಲಕ್ಷರ, ಇನ್ನೊಬ್ಬರಿಗೆ ತಂದೆಯ ಹೆಸರು, ಮತ್ತೊಬ್ಬರಿಗೆ ಅಡ್ಡಹೆಸರು. ಅವುಗಳ ಅರ್ಥವನ್ನು ವಿಚಾರಿಸುವ ವ್ಯವಧಾನ ಕಡಿಮೆಯಾಗುತ್ತಿರುವುದು ಮಾತ್ರ ವಿಷಾದದ ಸಂಗತಿ.

ಈಗ ಪ್ರಾರಂಭದ ನಾಲ್ಕು ನಿಕ್ಷೇಪಗಳಿಗೆ ಮರಳಬಹುದು. ಶಾಲೆಯ ದಾಖಲೆಯಲ್ಲಿ ಬರೆದ ದಣ್ಣಾಯಕ ಎಂಬ ಅಡ್ಡಹೆಸರು ನಾಮನಿಕ್ಷೇಪ. ಊರಿನ ವೀರಗಲ್ಲಿನಲ್ಲಿ ಕೆತ್ತಿದ ಸೇನಾನಿಯನ್ನು ಜನರು ದಣ್ಣಾಯಕನೆಂದು ಗುರುತಿಸಿದರೆ ಅದು ಸ್ಥಾಪನೆ. ಪದವಿಯನ್ನು ಒಮ್ಮೆ ಹೊಂದಿದ್ದು ಈಗ ಬಿಟ್ಟವನು ದ್ರವ್ಯದಿಂದ ದಣ್ಣಾಯಕ. ಭಾವನಿಕ್ಷೇಪ ಯಾವುದು? ಇಂದು ದಂಡಿಲ್ಲ, ರಾಜನಿಲ್ಲ, ಕಣ್ಣೇಗಾಲದ ಕಾಳಗವಿಲ್ಲ. ಆದರೆ ಮನಸ್ಸು, ಮಾತು, ಕಾಯ ಎಂಬ ಮೂರು ದಂಡಗಳು ಪ್ರತಿಯೊಬ್ಬನಲ್ಲಿಯೂ ಇವೆ. ಅವನ್ನು ಅಂಕೆಯಲ್ಲಿಟ್ಟು ನಡೆಸುವವನು ಯಾವ ಅಡ್ಡಹೆಸರಿನವನಾದರೂ ದಂಡನಾಯಕನೇ ಸರಿ. ಗೆದ್ದ ಗಳಿಗೆಯಲ್ಲಿ ತನಗಾಗಿ ಬೇಡದೆ ಜಿನಾಲಯಕ್ಕಾಗಿ ಬೇಡಿದ ಗಂಗರಾಜನ ಬಳಿ ಆ ಭಾವವಿತ್ತು.

ಪ್ರತಿಷ್ಠೆಯ ಈ ಪುಣ್ಯಕಾಲದಲ್ಲಿ ದಾನಿಗಳ ಹೆಸರುಗಳು ಶಿಲಾಫಲಕವನ್ನು ಏರುತ್ತವೆ. ಅದು ಉಚಿತವೇ; ಇರುಗಪ್ಪನ ಕಂಬವಿಲ್ಲದಿದ್ದರೆ ಇಷ್ಟು ಇತಿಹಾಸ ತಿಳಿಯುತ್ತಿರಲಿಲ್ಲ. ಆದರೆ ಕಳಶವೇರಿದ ಮರುದಿನ, ಅತಿಥಿಗಳೆಲ್ಲ ಊರಿಗೆ ಮರಳಿದ ಮೇಲೆ, ಬೆಳಗಿನ ಅಭಿಷೇಕಕ್ಕೆ ನೀರು ತರುವವರೂ ಸಂಜೆಯ ದೀಪಕ್ಕೆ ಎಣ್ಣೆ ಎರೆಯುವವರೂ ಬೇಕು. ಅವರ ಹೆಸರಿಗೆ ಫಲಕವಿಲ್ಲ. ಅವರಿಲ್ಲದೆ ಬಸದಿಯೂ ಇಲ್ಲ. ಪ್ರತಿಯೊಂದು ಮನೆಯೂ ವಾರದಲ್ಲಿ ಒಂದು ದಿನವಾದರೂ ಆ ಸರದಿಯನ್ನು ಹೊತ್ತುಕೊಳ್ಳಲಿ. ಮಕ್ಕಳಿಗೆ ತಮ್ಮ ಮನೆತನದ ಹೆಸರಿನ ಅರ್ಥವನ್ನು ಹಿರಿಯರು ಹೇಳಿಕೊಡಲಿ. ಹೇಳುವಾಗ ಪೂರ್ವಜರು ಏನಾಗಿದ್ದರು ಎಂಬಷ್ಟಕ್ಕೇ ನಿಲ್ಲಿಸದೆ ಏನನ್ನು ಕೊಟ್ಟರು ಎಂಬುದನ್ನೂ ಹೇಳಲಿ. ದಣ್ಣಾಯಕನ ಶಿಲೆಯೂ ಗಾಣಿಗಿತ್ತಿಯ ಎಣ್ಣೆಯೂ ಕೂಡಿ ಬಂದ ಕಡೆ ಜಿನಾಲಯದ ದೀಪ ಆರುವುದಿಲ್ಲ.

ಸರ್ವ ಜೀವಿಗಳಿಗೂ ಶಾಂತಿಯುಂಟಾಗಲಿ. ಜೈ ಜಿನೇಂದ್ರ.